ಗ್ರಾಫಿಕ್ಸ್ ಕಾರ್ಡ್ ಕೊನೆಗಿರಲಿ

ಸ್ವಂತ ದುಡ್ಡಿನಲ್ಲಿ, ನನಗೆ ಬೇಕಾದ ಪಾರ್ಟುಗಳನ್ನೇ ಆರಿಸಿ ಒಂದು ಕಂಪ್ಯೂಟರ್ ಜೋಡಿಸಬೇಕು ಅನ್ನೋದು ಇಂಜಿನಿಯರಿಂಗ್ ಓದುವಾಗಿನಿಂದ ಇರೋ ಆಸೆ. ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಬೇರೆಯವರ ಲ್ಯಾಪ್‌ಟಾಪಿನಲ್ಲೇ ಕೌಂಟರ್-ಸ್ಟ್ರೈಕ್ ಆಡಿದ್ದಾಯ್ತು. ಈಗ ಆಫೀಸಿನವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಆಟ ಹಾಗಿರಲಿ, ಒಂದು ಫಾಂಟ್ ಹಾಕೋದಕ್ಕೂ ಪರ್ಮಿಷನ್ ಬೇಕು. ಅಂತೂ 1 ಲಕ್ಷ ರೂಪಾಯಿ ಎತ್ತಿಟ್ಟಿದ್ದೇನೆ. ಅದರಲ್ಲಿ ಎರಡು ಕೆಲಸ ಆಗಬೇಕು. ಒಂದು ಆಟ, ಇನ್ನೊಂದು ರೆಕಾರ್ಡಿಂಗ್.

ರೆಕಾರ್ಡಿಂಗ್ ಅಂದರೆ ನನ್ನ ಕೊಳಲಷ್ಟೇ ಅಲ್ಲ (ಅದನ್ನು ಅನುಭವಿಸೋಕೆ ಪಕ್ಕದ ಮನೆಯವರಿದ್ದಾರೆ :-) ). ಊರಿನಲ್ಲಿರೋ ಅಜ್ಜಿಗೆ ಈಗ 83. ಅವರಿಗೆ ಬರೋ ಸೋಬಾನೆ ಪದ, ಬೀಸೋ ಪದಗಳಲ್ಲಿ ಅಮ್ಮನಿಗೆ ಅರ್ಧ ಬರುತ್ತವೆ, ನನಗೆ ಎರಡು ಸಾಲು. ಎಲ್ಲೂ ಬರೆದಿಟ್ಟಿಲ್ಲ. ಮದುವೆ ಮನೆಯಲ್ಲಿ ಮೊಬೈಲಿನಲ್ಲಿ ಹಿಡಿದದ್ದೊಂದಿದೆ, ಅದರಲ್ಲಿ ಅಜ್ಜಿಯ ದನಿಗಿಂತ ಪಾತ್ರೆ ಸದ್ದೇ ಜೋರು.

ಸಲಹೆ ಕೇಳಿದರೆ ಎಲ್ಲರದ್ದೂ ಒಂದೇ ಮಂತ್ರ. ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕು, ಮಿಕ್ಕಿದ್ದರಲ್ಲಿ ಮಿಕ್ಕಿದ್ದು. ಬರೀ ಆಟಕ್ಕಾದರೆ ಸರಿಯಾದ ಮಾತೇ. ಎರಡೂ ಬೇಕು ಅನ್ನುವವನು ಆ ಕಾರ್ಡನ್ನು ಪಟ್ಟಿಯ ಕೊನೆಗೆ ಹಾಕಬೇಕು ಅನ್ನೋದು ನನ್ನ ವಾದ. ಧ್ವನಿ ಹಿಡಿಯೋ ಕೆಲಸದಲ್ಲಿ ಅದರ ಪಾತ್ರ ಹೆಚ್ಚುಕಮ್ಮಿ ಸೊನ್ನೆ.

ಅಲ್ಲಿ ಕಾಡೋದು ಲೇಟೆನ್ಸಿ. ಮೈಕಿನ ಮುಂದೆ ಊದಿದ ಸ್ವರ ಕಂಪ್ಯೂಟರಿನ ಒಳಗೆ ಹೋಗಿ ಹೆಡ್‌ಫೋನಿಗೆ ವಾಪಸ್ ಬರೋಕೆ ಹಿಡಿಯೋ ಹೊತ್ತು. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಬಫರ್ 256 ಇಟ್ಟರೆ ಒಂದು ಬಫರಿಗೆ ಸುಮಾರು 5.3 ಮಿಲಿಸೆಕೆಂಡ್. ಹೋಗೋಕೊಂದು, ಬರೋಕೊಂದು ಅಂದರೆ 10 ದಾಟಿತು. ಸದ್ದು ಗಾಳಿಯಲ್ಲಿ ಅಷ್ಟು ಹೊತ್ತಿಗೆ ಮೂರೂವರೆ ಮೀಟರ್ ಹೋಗುತ್ತೆ, ಅಂದರೆ ಮೃದಂಗದವರು ವೇದಿಕೆಯ ಆ ತುದಿಯಲ್ಲಿ ಕೂತ ಹಾಗೆ. ಹೇಗೋ ಸುಧಾರಿಸಬಹುದು. ಅದೇ 1024 ಇಟ್ಟರೆ 40 ದಾಟುತ್ತೆ, ಮೃದಂಗದವರು ಸಭಾಂಗಣದ ಬಾಗಿಲಲ್ಲಿ ಕೂತು ನುಡಿಸಿದ ಹಾಗೆ! ಹಾಗಂತ ಬಫರನ್ನು ತೀರಾ ಇಳಿಸಿದರೆ ಪ್ರೊಸೆಸರಿಗೆ ಪುರುಸೊತ್ತಿಲ್ಲದೆ ಚಟಪಟ ಸದ್ದು ಶುರು. ಇದಕ್ಕೆ ಮದ್ದು ಒಳ್ಳೆ ಪ್ರೊಸೆಸರ್ ಮತ್ತು ಒಳ್ಳೆ ಡ್ರೈವರ್ ಇರೋ ಆಡಿಯೋ ಇಂಟರ್‌ಫೇಸ್.

ಇನ್ನೊಂದು ನಿಶ್ಶಬ್ದ. ನನ್ನ ಮನೆ ಇರೋದೇ ಒಂದು ರೂಮು, ಮೈಕಿನಿಂದ ಆರಡಿ ದೂರದಲ್ಲಿ ಕಂಪ್ಯೂಟರ್. ಕಂಡೆನ್ಸರ್ ಮೈಕು ಗೋಡೆ ಗಡಿಯಾರವನ್ನೂ ಬಿಡದೆ ಹಿಡಿಯುತ್ತೆ, ಇನ್ನು ಫ್ಯಾನು ಬಿಟ್ಟೀತೇ? 140 ಮಿಲಿಮೀಟರಿನ ದೊಡ್ಡ ಫ್ಯಾನು ನಿಧಾನ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತೆ, ಚಿಕ್ಕದು ಅಷ್ಟೇ ಗಾಳಿಗೆ ಕಿರುಚಬೇಕು. ಆಟ ಆಡುವಾಗ ಎಷ್ಟು ಬೇಕಾದರೂ ಕೂಗಲಿ, ಹಾಡುವಾಗ ಸುಮ್ಮನಿದ್ದರೆ ಸಾಕು. ಎರಡೂ ಕೆಲಸ ಒಟ್ಟಿಗೆ ನಡೆಯೋಲ್ಲವಲ್ಲ.

ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದೆ. ಅವರು ತೋರಿಸಿದ್ದು ಗಣಪತಿ ಪೆಂಡಾಲಿನ ಹಾಗೆ ಮಿನುಗೋ ಕ್ಯಾಬಿನೆಟ್, ಒಳಗೆ ಹೆಸರೇ ಕೇಳಿರದ ಎಸ್‌ಎಂಪಿಎಸ್. "ಸಾರ್, ಅದು ಯಾರಿಗೂ ಕಾಣಲ್ಲ, ಲೈಟ್ ಕಾಣುತ್ತೆ" ಅಂದರು! ಎಲ್ಲ ಪಾರ್ಟಿಗೂ ಕರೆಂಟು ಹಂಚೋದೇ ಆ ಎಸ್‌ಎಂಪಿಎಸ್. ಅದು ಸುಟ್ಟರೆ ಒಂದೇ ಸಾಯೋದಿಲ್ಲ. ಅರ್ಥಿಂಗ್ ಸರಿಯಿಲ್ಲದಿದ್ದರೂ ರೆಕಾರ್ಡಿಂಗಿನಲ್ಲಿ ನಮ್ಮ ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡುತ್ತೆ. ಅದಕ್ಕೆ ಕಂಪ್ಯೂಟರಿಗಿಂತ ಮುಂಚೆ ಎಲೆಕ್ಟ್ರಿಷಿಯನ್ ಬರ್ತಾರೆ.

ರ‍್ಯಾಮಿನ ಕಥೆ ಬೇರೆ. ಎಐ ಡೇಟಾ ಸೆಂಟರುಗಳ ಹಸಿವಿಗೆ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಎಲ್ಲಿಂದೆಲ್ಲಿಗೋ ಹೋಯಿತು. ನಮ್ಮಂಥ ಬಿಡಿ ಗಿರಾಕಿಗಳಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಬಿಡುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಹೇಳಿತು. ಹಾಗಾಗಿ 32 ಜಿಬಿ ಆಸೆ ಬಿಟ್ಟು 16ರ ಒಂದೇ ಸ್ಟಿಕ್ ಹಾಕಿ ಪಕ್ಕದ ಸ್ಲಾಟ್ ಖಾಲಿ ಬಿಡ್ತೀನಿ. ಆಟ ಸ್ವಲ್ಪ ಕುಂಟುತ್ತೆ, ಕುಂಟಲಿ. ಅಜ್ಜಿಯ ಹಾಡು 24 ಬಿಟ್ಟಿನಲ್ಲಿ ನಿಮಿಷಕ್ಕೆ 9 ಎಂಬಿ ಕೂಡ ಮುಟ್ಟೋಲ್ಲ.

ಸದ್ಯಕ್ಕೆ ಒಳಗೇ ಗ್ರಾಫಿಕ್ಸ್ ಇರೋ ಪ್ರೊಸೆಸರ್ ಸಾಕು, 2024ರಲ್ಲಿ ಬಂದ ಎಎಂಡಿ ರೈಜೆನ್ 5 8600ಜಿ ತರದ್ದು. ಸೆಟ್ಟಿಂಗ್ ಇಳಿಸಿಕೊಂಡರೆ ಕೌಂಟರ್-ಸ್ಟ್ರೈಕ್ 2 ಆಡಬಹುದು. ಕಾರ್ಡು ಬೋನಸ್ ಬಂದಾಗ ಬರಲಿ.

ಇನ್ನು ಮುಖ್ಯ ವಿಷಯ. ಅಜ್ಜಿ ಬೆಂಗಳೂರಿಗೆ ಬರೋಲ್ಲ, ಇಷ್ಟು ದೊಡ್ಡ ಡಬ್ಬವನ್ನು ಕೆಂಪು ಬಸ್ಸಿನಲ್ಲಿ ಊರಿಗೆ ಹೊರೋದೂ ಆಗೋಲ್ಲ. ಹಾಗಾಗಿ ಮೊದಲು ಕೊಳ್ಳೋದು ಮೈಕು, ಇಂಟರ್‌ಫೇಸು, ಹೆಡ್‌ಫೋನು. ಅದಕ್ಕೆ 25 ಸಾವಿರ ಬೇರೆ ತೆಗೆದಿಟ್ಟಿದ್ದೇನೆ. ಇಂಟರ್‌ಫೇಸ್ ಯುಎಸ್‌ಬಿಯದು, ಅಮ್ಮನ ಮನೆಯಲ್ಲಿ ಧೂಳು ತಿನ್ನುತ್ತಿರೋ ನನ್ನ ಹಳೇ ಲ್ಯಾಪ್‌ಟಾಪಿಗೂ ಸಿಕ್ಕಿಸಬಹುದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಅದಕ್ಕೆ ಲಿನಕ್ಸ್ ಮತ್ತು ಆರ್ಡರ್ ತಂತ್ರಾಂಶ ಹಾಕ್ತೀನಿ. ಕಂಪ್ಯೂಟರ್ ಐದಾರು ವರ್ಷಕ್ಕೆ ಹಳತಾಗುತ್ತೆ, ಮೈಕು ಹಾಗಲ್ಲ. ಕಂಪ್ಯೂಟರ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತೆ.

"ಹಾಗಾದ್ರೆ ಹೊಸ ಕಂಪ್ಯೂಟರ್ ಯಾಕೋ, ಹಳೇದೇ ಸಾಕಲ್ಲ?" ಅಂತ ಅಮ್ಮ ಕೇಳಿದರು. ಹತ್ತು ಟ್ರ್ಯಾಕ್ ಜೋಡಿಸಿ ಮಿಕ್ಸ್ ಮಾಡೋಕೆ ಹಳೇದು ಏದುಸಿರು ಬಿಡುತ್ತಮ್ಮ ಅಂದೆ. ಕೌಂಟರ್-ಸ್ಟ್ರೈಕ್ ವಿಷಯ ಎತ್ತಲಿಲ್ಲ :-)

ಯುಗಾದಿಗೆ ಮೊದಲು ಊರಿಗೆ ಹೋಗೋ ಯೋಚನೆ ಇದೆ. ಅಷ್ಟರೊಳಗೆ, ಸದ್ದು ಮಾಡದ ಕ್ಯಾಬಿನೆಟ್ ಬೇಕು ಅಂದರೆ ನಗದೆ ತೋರಿಸೋ ಅಂಗಡಿ ನಿಮಗ್ಯಾರಿಗಾದರೂ ಗೊತ್ತಿದ್ದರೆ ತಿಳಿಸಿ ಮಾರಾಯ್ರೇ. ಲೈಟ್ ಇಲ್ಲದಿದ್ದರೆ ಇನ್ನೂ ಸಂತೋಷ.