ಬಂದೂಕಿನ ಬೆನ್ನು ಭದ್ರವೇ?

ತಡಸದ ಸನಿಹದಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗಿದೆ. ಮುಂಡಗೋಡದತ್ತ ಹೊರಳಿದರೆ ಬಯಲು ಮುಗಿದು ಮಲೆನಾಡಿನ ಸೆರಗು ತೆರೆದುಕೊಳ್ಳುತ್ತದೆ. ಗೋವಿನಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಈ ಸೆರಗಿನ ಹೊಲಗಳಿಗೆ ಕಾಡುಹಂದಿಗಳ ಹಿಂಡು ಇಳಿಯುವುದುಂಟು. ಅವು ತಿಂದುದಕ್ಕಿಂತ ತುಳಿದು ಕೆಡವಿದ್ದೇ ಹೆಚ್ಚು. ಆಗ ರೈತನಿಗೆ ನೆನಪಾಗುವುದು ಅಜ್ಜನ ಕಾಲದ, ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದರ ಹಿಂಬದಿ ಸಡಿಲವಾಗಿದ್ದರೆ ಕಮ್ಮಾರನ ಕುಲುಮೆಯೋ ಪೇಟೆಯ ಲೇತ್ ಅಂಗಡಿಯೋ ನೆನಪಾಗುತ್ತದೆ. ಬೆಳೆ ಉಳಿಸಲು ಹೊರಟ ಮನುಷ್ಯ ತನ್ನ ಕಣ್ಣನ್ನೇ ಪಣಕ್ಕಿಡುವುದು ಇಲ್ಲಿಂದಲೇ.

ಬಂದೂಕಿನ ನಳಿಗೆಯೆಂದರೆ ಎರಡೂ ತುದಿ ತೆರೆದ ಕೊಳವೆ. ಅದರ ಹಿಂಬಾಯಿಯನ್ನು ಮುಚ್ಚುವುದು ತಿರುಪಿನಿಂದ ಕೂರಿಸಿದ ಉಕ್ಕಿನ ಒಂದು ಬಿರಡೆ. ಮದ್ದು ಉರಿದಾಗ ಹುಟ್ಟುವ ಅನಿಲವು ಚರೆಯನ್ನು ಮುಂದಕ್ಕೆ ತಳ್ಳುವಂತೆಯೇ ಬಿರಡೆಯನ್ನು ಹಿಂದಕ್ಕೆ ತಳ್ಳುತ್ತದೆ. ಚದರ ಸೆಂಟಿಮೀಟರಿಗೆ 500 ಕಿಲೋ ಒತ್ತಡವೆಂದು ಲೆಕ್ಕ ಹಿಡಿದರೆ, 16 ಮಿಲಿಮೀಟರ್ ಅಗಲದ ನಳಿಗೆಯಲ್ಲಿ ಬಿರಡೆಯ ಮೇಲೆ ಬೀಳುವ ಭಾರ ಸುಮಾರು ಹತ್ತು ಕ್ವಿಂಟಲ್. ಗುರಿ ಹಿಡಿದವನ ಕಣ್ಣಿಗೂ ಈ ಭಾರಕ್ಕೂ ನಡುವೆ ಇರುವುದು ತಿರುಪಿನ ಕೆಲವೇ ಸುತ್ತುಗಳು.

ಆ ಸುತ್ತುಗಳ ಸ್ಥಿತಿ ಹೊರಗಿನಿಂದ ಕಾಣುವುದಿಲ್ಲ. ಪೊಟ್ಯಾಸಿಯಂ ನೈಟ್ರೇಟು, ಇದ್ದಿಲು, ಗಂಧಕ ಸೇರಿದ ಕರಿಮದ್ದು ಉರಿದ ಮೇಲೆ ಉಳಿಯುವ ಲವಣಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಆ ಮಸಿಯೇ ತುಕ್ಕಿನ ಬೀಜ. ಎಣ್ಣೆ ಒರೆಸಿ ಹೊಳೆಯುವ ನಳಿಗೆಯ ಒಳತಿರುಪು ಸವೆದು ಹುಡಿಯಾಗಿರಬಹುದು. ಅದರ ಮೇಲೆ ಸುತ್ತಿಗೆಯಿಂದ ಬಡಿದು ಹೊಸ ಬಿರಡೆ ಕೂರಿಸುವುದು, ವೆಲ್ಡಿಂಗ್ ಮಾಡಿಸುವುದು ದುರಸ್ತಿಯಲ್ಲ. ದೋಷಕ್ಕೆ ಹಾಕಿದ ಮುಸುಕು. ಅಡ್ಡಾದಿಡ್ಡಿ ಕಾವು ಕೊಟ್ಟ ಉಕ್ಕು ತನ್ನ ಗುಣವನ್ನೇ ಕಳೆದುಕೊಳ್ಳಬಲ್ಲದು. ಹಿಂದಿನ ಹಂಗಾಮಿನಲ್ಲಿ ಮದ್ದು ತುಂಬಿ ಮರೆತ ನಳಿಗೆಯನ್ನು ಕುಲುಮೆಗೆ ಹಿಡಿದರಂತೂ ಕಮ್ಮಾರನ ಪ್ರಾಣಕ್ಕೇ ಸಂಚಕಾರ. ‘ಒಮ್ಮೆ ಹಾರಿಸಿ ನೋಡಿದೆವು, ಏನೂ ಆಗಲಿಲ್ಲ’ ಎಂಬ ಸಮಾಧಾನವೂ ಸಲ್ಲದು. ಬಿರುಕು ಪ್ರತಿ ಈಡಿಗೂ ಬೆಳೆಯುತ್ತ ಹೋಗುತ್ತದೆ.

ಹಿಂಬಾಯಿ ಮುಚ್ಚುವ ವಿದ್ಯೆ ಎಷ್ಟು ಕಠಿಣವೆಂಬುದಕ್ಕೆ ಇತಿಹಾಸದ ಸಾಕ್ಷ್ಯವಿದೆ. 1543ರಲ್ಲಿ ಪೋರ್ಚುಗೀಸರ ಬಂದೂಕುಗಳು ಜಪಾನಿನ ತಾನೆಗಾಶಿಮಾ ದ್ವೀಪವನ್ನು ತಲುಪಿದಾಗ, ಖಡ್ಗ ಬಡಿಯುವುದರಲ್ಲಿ ನಿಸ್ಸೀಮರಾದ ಅಲ್ಲಿನ ಕಮ್ಮಾರರು ನಳಿಗೆಯನ್ನೇನೋ ಮಾಡಿದರು. ಹಿಂಬಾಯಿಯ ತಿರುಪು ಮಾತ್ರ ಅವರಿಗೆ ಒಲಿಯಲಿಲ್ಲ. ಅದನ್ನು ವಿದೇಶಿ ಕುಶಲಕರ್ಮಿಯಿಂದ ಕಲಿತರೆಂದು ಅಲ್ಲಿನ ವೃತ್ತಾಂತ ಹೇಳುತ್ತದೆ. ಇಂಗ್ಲೆಂಡಿನಲ್ಲಿ ನಳಿಗೆಗಳನ್ನು ಹೆಚ್ಚಿನ ಮದ್ದಿನಿಂದ ಪರೀಕ್ಷಿಸಿ ಮುದ್ರೆ ಒತ್ತಲೆಂದೇ 1813ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷಾಲಯ ಸ್ಥಾಪನೆಯಾಯಿತು. ನೇಗಿಲು ಹದ ಮಾಡುವ ಕಮ್ಮಾರನಿಗೆ ಈ ವಿದ್ಯೆ ಬಾರದಿದ್ದರೆ ಅದು ಅವನ ಕೊರತೆಯಲ್ಲ. ಆದರೆ ಕಾನೂನಿನ ಕೊರಳು ಹಿಡಿತ ಬೀಳುವುದು ಅವನಿಗೇ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು ಮಾತ್ರವಲ್ಲ, ದುರಸ್ತಿ ಮಾಡುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷ ಸೆರೆ, ಗರಿಷ್ಠ ಜೀವಾವಧಿ.

ಅದೇ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಬಾಯಿಮದ್ದಿನ ಬಂದೂಕಿಗೆ ಪರವಾನಗಿ ನೀಡಲು ಅವಕಾಶ ಕೊಡುತ್ತದೆ. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ತರಿಸಿಕೊಳ್ಳಲು ಆಡಳಿತಕ್ಕೆ ಪುರಸೊತ್ತಿದೆ. ಪರವಾನಗಿ ಕೊಟ್ಟ ಬಂದೂಕಿನ ಬೆನ್ನು ಭದ್ರವೇ ಎಂದು ನೋಡಿಸಲು ಮಾತ್ರ ಪುರಸೊತ್ತಿಲ್ಲವೇ? ಬೈಸಿಕಲ್ಲಿನ ಬ್ರೇಕು ಸರಿಪಡಿಸಲು ಹಳ್ಳಿಗೊಬ್ಬನಿದ್ದಾನೆ. ಪರವಾನಗಿ ಪಡೆದ ಬಂದೂಕು ದುರಸ್ತಿಗಾರನನ್ನು ಹುಡುಕಿಕೊಂಡು ರೈತ ಊರೂರು ಅಲೆಯಬೇಕು. ಕಳ್ಳದುರಸ್ತಿಯ ದಾರಿ ತೆರೆದದ್ದು ರೈತನ ಹಟವಲ್ಲ, ಈ ಉದಾಸೀನ.

ಬಂದೂಕು ಈ ನಾಡಿನಲ್ಲಿ ಮಾನದ ವಸ್ತುವೂ ಹೌದು. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯಿದೆಗೆ ಮಣಿಯದೆ ಹಲಗಲಿಯ ಬೇಡರು ಊರನ್ನೇ ಬೆಂಕಿಗೆ ತೆತ್ತರು. ಅಂಥ ನೆಲದಲ್ಲಿ ‘ಬಂದೂಕು ಬಿಸಾಡಿ’ ಎಂಬ ಉಪದೇಶ ಯಾರ ಕಿವಿಗೂ ಬೀಳದು. ಆದರೆ ಹಿರಿಯರ ನೆನಪು ಗೋಡೆಯ ಮೇಲಿದ್ದರೂ ಮಾನಕ್ಕೆ ಕುಂದಿಲ್ಲ. ಸವೆದ ನಳಿಗೆಗೆ ಮತ್ತೆ ಮದ್ದು ತುಂಬಿದರೆ ನೆನಪೂ ಉಳಿಯದು, ಮೊಮ್ಮಗನೂ ಉಳಿಯನು.

ಇಷ್ಟಕ್ಕೂ ಬಂದೂಕಿನ ಪರವಾನಗಿ ಎಂದರೆ ಬೇಟೆಯ ಪರವಾನಗಿಯಲ್ಲ. 2022ರ ತಿದ್ದುಪಡಿಯಂತೆ ಕಾಡುಹಂದಿ ವನ್ಯಜೀವಿ ಕಾಯಿದೆಯ 2ನೇ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲೂ ಅಧಿಕಾರಿಯ ಲಿಖಿತ ಆದೇಶ ಬೇಕು. ಕತ್ತಲಲ್ಲಿ ಹಾರಿಸಿದ ಒಂದು ಈಡಿಗೆ ಹಿಂಡು ಪಕ್ಕದ ಹೊಲಕ್ಕೆ ಸರಿಯುತ್ತದೆ, ಅಷ್ಟೆ. ಕಾಡಿನ ಅಂಚಿನವರೆಗೂ ಗೋವಿನಜೋಳವೊಂದನ್ನೇ ಬಿತ್ತಿದರೆ ಹಂದಿಗೆ ಊಟವೂ ಅಲ್ಲೇ, ಅಡಗುದಾಣವೂ ಅಲ್ಲೇ. ಅಂಚಿನ ಕೆಲವು ಸಾಲು ತೆರವಾಗಿಡುವುದು, ನೆರೆಹೊರೆಯವರು ಒಂದೇ ವಾರದಲ್ಲಿ ಬಿತ್ತಿ ಕೊಯ್ಲು ಮಾಡುವುದು, ಸರದಿಯ ಮೇಲೆ ಕಾವಲು ಕೂರುವುದು, ಹತ್ತಾರು ಹೊಲಗಳನ್ನು ಒಟ್ಟಾಗಿ ಸುತ್ತುವರಿಯುವ ಬೇಲಿ ಹಾಕುವುದು – ಇವು ಒಬ್ಬನ ಬಂದೂಕಿಗಿಂತ ಹೆಚ್ಚು ಕಾಯುತ್ತವೆ.

ಆದುದರಿಂದ ಬೇಡಿಕೆಗಳು ಸ್ಪಷ್ಟ. ಪರವಾನಗಿ 5 ವರ್ಷಕ್ಕೊಮ್ಮೆ ನವೀಕರಣವಾಗುವಾಗ ಬಂದೂಕಿನ ಸಂಖ್ಯೆಯ ಜೊತೆಗೆ ಹಿಂಬಾಯಿಯನ್ನೂ ಬಲ್ಲವರು ಪರೀಕ್ಷಿಸಬೇಕು. ಅದಕ್ಕಾಗಿ ತಾಲ್ಲೂಕು ಕೇಂದ್ರದಲ್ಲಿ ಉಚಿತ ಶಿಬಿರ ನಡೆಯಬೇಕು. ಕೆಟ್ಟ ನಳಿಗೆಯನ್ನು ನಿರ್ಭಯವಾಗಿ ಒಪ್ಪಿಸಲು ದಾರಿಯಿರಬೇಕು. ಬೆಳೆಹಾನಿಯ ಪರಿಹಾರ ಮುಂದಿನ ಬಿತ್ತನೆಗೆ ಮೊದಲೇ ಕೈ ಸೇರಬೇಕು. ಗ್ರಾಮಸಭೆಗಳು ಇವನ್ನು ಠರಾವು ಮಾಡಿ ಕಳುಹಿಸಲಿ. ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಗೆ ಮೇಲಿನ ಹತ್ತು ಕ್ವಿಂಟಲಿನ ಲೆಕ್ಕವನ್ನು ಬಿಡಿಸಿ ಹೇಳಲಿ. ಅಲ್ಲಿಯವರೆಗೆ ಹಿಂಬದಿ ಸಡಿಲವಾದ ಬಂದೂಕು ಕುಲುಮೆಗೂ ಹೋಗಬಾರದು, ಹೊಲಕ್ಕೂ ಹೋಗಬಾರದು.