ಲೆಕ್ಕಪತ್ರಕ್ಕೊಂದು ಮನೆ-ಸರ್ವರ್

ನಮ್ಮ ಅಂಗಡಿ ಸಾಂಗಲಿ ಪೇಟೆಯಲ್ಲಿ, ಮನೆ ಆರಗದಲ್ಲಿ. 2019ರ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರ ಅಂಗಡಿ ಹೊಕ್ಕಾಗ, ತೊಯ್ದ ಕಿರ್ದಿ ಪುಸ್ತಕಗಳನ್ನು ಬಿಸಿಲಿಗೆ ಹರವಿ ಕೆಲವು ಪುಟವನ್ನಾದರೂ ಓದಿಕೊಂಡೆವು. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಿಸ್ಕ್ ಮಾತ್ರ ಒಣಗಿದರೂ ಬಾಯಿ ಬಿಡಲಿಲ್ಲ. ಜಿಎಸ್‌ಟಿ ಕಾಯ್ದೆಯೋ, ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಿ ಎನ್ನುತ್ತದೆ!

ಈಗ ರಾತ್ರಿ ಅಂಗಡಿ ಮುಚ್ಚಿದ ಮೇಲೆ ದಿನದ ಲೆಕ್ಕ ಇಂಟರ್ನೆಟ್ ಮೂಲಕ ಆರಗದ ಮನೆಯ ಸರ್ವರಿಗೆ ಬರುತ್ತದೆ. ಸರ್ವರ್ ಎಂದರೆ ಮಕ್ಕಳು ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್, ಅಷ್ಟೆ. 8 ಜಿಬಿ ಮೆಮರಿ ಇದ್ದರೆ ಬಿಲ್ಲುಗಳಿಗೂ ಮದುವೆಯ ಫೋಟೋಗಳಿಗೂ ಸಾಕು. ಹಣ ಹಾಕಬೇಕಾದದ್ದು ಡಿಸ್ಕಿಗೆ. ಹಗಲಿರುಳು ತಿರುಗಲೆಂದೇ ಮಾಡಿದ 4 ಟಿಬಿಯ ಎರಡು ಡಿಸ್ಕ್ ಕೊಂಡೆವು. ಕೊಳ್ಳುವಾಗ ‘ಸಿಎಂಆರ್’ ಹೌದೇ ಎಂದು ಕೇಳಿರಿ. ‘ಎಸ್‌ಎಂಆರ್’ನಲ್ಲಿ ಬರಹದ ಸಾಲುಗಳು ಮನೆಯ ಹಂಚಿನಂತೆ ಒಂದರ ಮೇಲೊಂದು ಕೂತಿರುವುದರಿಂದ ತಿದ್ದಿ ಬರೆಯುವುದು ನಿಧಾನ. ಯುಪಿಎಸ್ ಬೇಕೇ ಬೇಕು.

ಎರಡೂ ಡಿಸ್ಕಿನಲ್ಲಿ ಒಂದೇ ಬರಹ; ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಇದೇ ಬ್ಯಾಕಪ್ ಎಂದು ನಂಬಿ ನಾವು ನಿಶ್ಚಿಂತರಾಗಿದ್ದೆವು. ಒಮ್ಮೆ ಕೈತಪ್ಪಿ ಒಂದು ವರ್ಷದ ಖಾತೆ ಅಳಿಸಿದಾಗ ಅದು ಎರಡರಲ್ಲೂ ಕ್ಷಣದಲ್ಲಿ ಅಳಿದುಹೋಯಿತು. ಕಾಗದದ ಬಿಲ್ಲುಗಳಿಂದ ಮತ್ತೆ ಬರೆಯಲು ದೀಪಾವಳಿಯೇ ಬಂತು. ಆಮೇಲೆ ಮೂರನೆಯ ಡಿಸ್ಕ್ ಬಂದಿತು. ರವಿವಾರ ನಕಲು ಮಾಡಿ, ತಂತಿ ತೆಗೆದು, ಸೋಮವಾರ ಸಾಂಗಲಿಗೆ ಒಯ್ದು ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಇಡುತ್ತೇವೆ. ತಿಂಗಳಿಗೊಮ್ಮೆ ಅದರಿಂದ ಯಾವುದಾದರೂ ಹಳೆಯ ಬಿಲ್ಲು ತೆರೆದು ನೋಡುವ ಕೆಲಸ ಹಿರಿಯ ಸೊಸೆಯದು. ತೆರೆಯದಿದ್ದರೆ ಅವಳು ಯಾರನ್ನೂ ಊಟಕ್ಕೆ ಏಳಗೊಡುವುದಿಲ್ಲ.