ಹೊರಗಿನಿಂದ ಬಂದವರಿಗೆ ಕನ್ನಡ: ಬೇಡವೆನ್ನುವವರಿಗೆ ಉತ್ತರ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊರರಾಜ್ಯದ ಮಕ್ಕಳಿಗೆ ಕನ್ನಡ ಕಲಿಸಬಾರದು ಎನ್ನುವವರ ವಾದ ಇವತ್ತಿನದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2018ರ ಪಠ್ಯಕ್ರಮದಲ್ಲಿ ಕನ್ನಡ ಬಲ್ಲವರಿಗೆ ‘ಆಡಳಿತ ಕನ್ನಡ’, ಬಾರದವರಿಗೆ ‘ವ್ಯಾವಹಾರಿಕ ಕನ್ನಡ’ ಎಂದು ಒಂದು ಕ್ರೆಡಿಟ್ಟಿನ ವಿಷಯ ಇಟ್ಟಾಗಲೂ ಇದನ್ನೇ ಕೇಳಿದೆವು. ಮುಂದೆ ಅದು ‘ಬಳಕೆ ಕನ್ನಡ’ವಾದಾಗಲೂ ವಾದ ಬದಲಾಗಲಿಲ್ಲ. ಹಾಗಾಗಿ ಒಂದೊಂದನ್ನೇ ಎತ್ತಿಕೊಂಡು ಉತ್ತರಿಸುವುದು ಒಳ್ಳೆಯದು.

ಮೊದಲನೆಯದು: “ನಾಲ್ಕು ವರ್ಷ ಓದಿ ಹೋಗುವವರಿಗೆ ಕನ್ನಡ ಯಾಕೆ?”

ಎಲ್ಲರೂ ಹೋಗುತ್ತಾರೆ ಎಂದು ಹೇಳಿದವರು ಯಾರು? ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೋಲಾರ್ ಪಾರ್ಕ್ ನೋಡಿ. ತಿರುಮಣಿ, ಬಲಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ವಿದ್ಯುತ್ತಿನ ಸಾಮರ್ಥ್ಯ. ಇಲ್ಲಿ ಭೂಮಿಯನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಅದು. ಅಂದರೆ ಜಮೀನಿನ ಒಡೆಯ ಇನ್ನೂ ರೈತನೇ. ಪಹಣಿ ಹಿಡಿದುಕೊಂಡು ಗೇಟಿಗೆ ಬಂದು “ನಮ್ಮ ಸರ್ವೆ ನಂಬರಿನ ದುಡ್ಡು ಯಾಕೆ ಬಂದಿಲ್ಲ ಸಾರ್?” ಎಂದು ಕೇಳುವ ರೈತನಿಗೆ ಒಳಗಿನ ಎಂಜಿನಿಯರ್ ಹಿಂದಿಯಲ್ಲಿ ಏನೋ ಹೇಳಿ, ಅದನ್ನು ಸೆಕ್ಯೂರಿಟಿಯವನು ತನಗೆ ತಿಳಿದಷ್ಟು ಒಪ್ಪಿಸಿದರೆ ಅದನ್ನು ಮಾತುಕತೆ ಎನ್ನಲಾಗದು. ಗುತ್ತಿಗೆ ದಶಕಗಳದ್ದು. ನಾಲ್ಕು ವರ್ಷದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೆಡಿಕಲ್ ಓದುವವರ ವಿಷಯದಲ್ಲಂತೂ ಈ ವಾದ ನಿಲ್ಲುವುದೇ ಇಲ್ಲ. ಅವರು ಓದು ಮುಗಿಸುವ ಮುಂಚೆಯೇ ರೋಗಿಯ ಮುಂದೆ ಕೂರುತ್ತಾರೆ. ಪಾವಗಡದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆ ನೀರನ್ನೇ ಕುಡಿದು “ಮಂಡಿ ಹಿಡ್ಕೊಂಡೈತೆ, ಸೊಂಟ ಎತ್ತಕ್ಕಾಗಲ್ಲ, ರಾತ್ರಿಯೆಲ್ಲ ಕಾಲು ಸೆಳೀತೈತೆ” ಎನ್ನುವ ಅಜ್ಜಿಯ ಮಾತು ಅರ್ಥವಾಗದವನು ಬರೀ ನೋವಿನ ಮಾತ್ರೆ ಬರೆದು ಕಳಿಸುತ್ತಾನೆ. ಎಂಬಿಬಿಎಸ್‌ನ ಆರಂಭದ ಫೌಂಡೇಷನ್ ಕೋರ್ಸಿನಲ್ಲಿ 2019ರಿಂದ ಸ್ಥಳೀಯ ಭಾಷೆಯ ಕಲಿಕೆಗೂ ಜಾಗ ಕೊಟ್ಟಿರುವುದು ಸುಮ್ಮನೆ ಅಲ್ಲ.

ಎರಡನೆಯದು: “ಡೆನ್ಮಾರ್ಕಿನಂಥ ಕಡೆ ಇಂಗ್ಲಿಷಿನಲ್ಲೇ ಓದಬಹುದು, ಅಲ್ಲಿ ಯಾರೂ ಡ್ಯಾನಿಶ್ ಕಲಿ ಎನ್ನುವುದಿಲ್ಲ.”

ಅರ್ಧ ನಿಜ. ಅಲ್ಲಿ ಇಂಗ್ಲಿಷಿನ ಮಾಸ್ಟರ್ ಕೋರ್ಸುಗಳಿವೆ. ಆದರೆ ಡ್ಯಾನಿಶಿನಲ್ಲಿ ನಡೆಯುವ ಕೋರ್ಸಿಗೆ ಸೇರಬೇಕಾದ ವಿದೇಶಿಗೆ ‘ಸ್ಟುಡಿಯೆಪ್ರೂವನ್’ ಎಂಬ ಭಾಷಾ ಪರೀಕ್ಷೆ ಇದೆ. ಹೊಸದಾಗಿ ಬಂದವರಿಗೆ ಭಾಷೆ ಕಲಿಸುವ ಹೊಣೆ ಅಲ್ಲಿನ ಸ್ಥಳೀಯ ಆಡಳಿತದ್ದು. ಕಲಿಯುವವರ ಓದಿನ ಹಿನ್ನೆಲೆ ನೋಡಿ ಮೂರು ಬಗೆಯ ಪಾಠ, ಒಂದೊಂದರಲ್ಲೂ ಆರು ಹಂತ. 2018ರಲ್ಲಿ ಸರ್ಕಾರ ದುಡಿಯಲು, ಓದಲು ಬಂದವರ ಮೇಲೆ ಹಂತಕ್ಕೆ 2,000 ಕ್ರೋನರ್ ಶುಲ್ಕ ಹಾಕಿತು. ಸೇರುವವರು ಕಡಿಮೆಯಾದರು. 2020ರಲ್ಲಿ ಶುಲ್ಕವನ್ನು ಕೈಬಿಟ್ಟಿತು. ಸುಮಾರು 60 ಲಕ್ಷ ಜನರ ದೇಶವೊಂದು ತನ್ನ ಭಾಷೆಯನ್ನು ಹೊಸಬರಿಗೆ ಕಲಿಸಲು ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡಿರುವಾಗ, ನಾಲ್ಕು ಕೋಟಿಗೂ ಮೀರಿದ ಜನರ ಭಾಷೆಗೆ ಒಂದು ಕ್ರೆಡಿಟ್ ಜಾಸ್ತಿಯಾಯಿತೇ?

ಮೂರನೆಯದು: “ಹೈಕೋರ್ಟೇ ಬೇಡ ಎಂದಿದೆ.”

2021ರ ಆಗಸ್ಟಿನಲ್ಲಿ ಸರ್ಕಾರ ಪದವಿಯಲ್ಲಿ ಕನ್ನಡ ಕಡ್ಡಾಯ ಮಾಡಿ ಆದೇಶ ಹೊರಡಿಸಿತು. ಅದರ ವಿರುದ್ಧ ಹೋದವರಿಗೆ ಹೈಕೋರ್ಟಿನಿಂದ ಮಧ್ಯಂತರ ಆದೇಶ ಸಿಕ್ಕಿದ್ದು ನಿಜ. ಆದರೆ ನ್ಯಾಯಾಲಯ ತಡೆದದ್ದು ಒತ್ತಾಯವನ್ನು, ಪಾಠವನ್ನಲ್ಲ. ಕಡ್ಡಾಯದ ಪ್ರಶ್ನೆಯನ್ನು ನ್ಯಾಯಾಲಯಕ್ಕೇ ಬಿಡೋಣ. ಬೇಕೆಂದು ಕೇಳಿ ಬಂದವರಿಗೆ ಚೆನ್ನಾಗಿ ಕಲಿಸಲು ಯಾವ ತಡೆಯಾಜ್ಞೆಯೂ ಇಲ್ಲ.

ನಾಲ್ಕನೆಯದು: “ಪಾವಗಡದಲ್ಲೇ ಮನೆಮಾತು ತೆಲುಗು, ಅಲ್ಲಿಗೆ ಬಂದವನಿಗೆ ಕನ್ನಡ ಹೇರುವುದು ಯಾವ ನ್ಯಾಯ?”

ಜಾಣ ಪ್ರಶ್ನೆ. ಕೇಳುವವರು ಒಮ್ಮೆ ಪಾವಗಡಕ್ಕೆ ಬಂದು ಕೇಳಬೇಕು. ಮೂರು ದಿಕ್ಕಿಗೂ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು ಇದು. ಬಲಸಮುದ್ರದ ಕಡೆಯ ಹುಡುಗ ಮನೆಯಲ್ಲಿ ಅಮ್ಮನ ಹತ್ತಿರ ತೆಲುಗು, ಸ್ಕೂಲಿನಲ್ಲಿ ಮೇಷ್ಟ್ರ ಹತ್ತಿರ ಕನ್ನಡ, ಹಿಂದೂಪುರದ ಅಂಗಡಿಯಲ್ಲಿ ಮತ್ತೆ ತೆಲುಗು, ಮಧುಗಿರಿಯ ಕಚೇರಿಯಲ್ಲಿ ಮತ್ತೆ ಕನ್ನಡ ಆಡುತ್ತಾನೆ. ಅವನ ಅಪ್ಪನೂ ಹಾಗೇ ಬೆಳೆದವನು. ಕನ್ನಡ ಕಲಿತದ್ದರಿಂದ ಅವರ ಮನೆಯ ತೆಲುಗು ಎಲ್ಲಿಗೂ ಹೋಗಿಲ್ಲ. ಏಳನೇ ಕ್ಲಾಸಿನ ಹುಡುಗ ಸಲೀಸಾಗಿ ಮಾಡುವ ಕೆಲಸವನ್ನು ಜೆಇಇ ಬರೆದು ಬಂದವನಿಗೆ ಹೊರೆ ಎನ್ನುವುದು ಆ ವಿದ್ಯಾರ್ಥಿಗೇ ಮಾಡುವ ಅವಮಾನ. ತೆಲುಗಿನ ನೆಪ ಹೇಳಿ ಕನ್ನಡ ಬೇಡವೆನ್ನುವವರು ತೆಲುಗನ್ನಾದರೂ ಕಲಿಯುತ್ತಾರೆಯೇ ಎಂದರೆ, ಅದೂ ಇಲ್ಲ.

ಐದನೆಯದು: “ಕಾಲೇಜಿನ ಆ ಕನ್ನಡ ಪರೀಕ್ಷೆ ಬರೆದರೆ ಕನ್ನಡ ಬರುತ್ತದೆಯೇ?”

ಎದುರಾಳಿಗಳ ಮಾತಿನಲ್ಲಿ ಗಟ್ಟಿಯಾದದ್ದು ಇದೊಂದೇ. ಬರುವುದಿಲ್ಲ, ಒಪ್ಪುತ್ತೇನೆ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿ ಪಾಸಾದವನಿಗೆ ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಬಾರದೆ ಹೋಗಬಹುದು. ಆದರೆ ಪಾಠ ಸರಿಯಿಲ್ಲ ಎಂದರೆ ಪಾಠವನ್ನು ಸರಿಮಾಡಬೇಕು, ತೆಗೆದುಹಾಕುವುದಲ್ಲ. ಗಣಿತದಲ್ಲಿ ಮಕ್ಕಳು ಫೇಲಾದರೆ ಗಣಿತವನ್ನೇ ಬಿಡುತ್ತೇವೆಯೇ? ಕಲಿಸುವ ವಿಧಾನಕ್ಕೆ ಬರವೂ ಇಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಶುರುವಾದದ್ದು 1969ರಲ್ಲಿ. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಹೊರರಾಜ್ಯದ ಮೇಷ್ಟರುಗಳಿಗೆ ಹತ್ತು ತಿಂಗಳಲ್ಲಿ ಕನ್ನಡ ಕಲಿಸಿ ಕಳಿಸುತ್ತಾ ಬಂದಿದೆ. ಆ ಅನುಭವ ತುಮಕೂರಿನ ಕಾಲೇಜುಗಳಿಗೆ ತಲುಪುವುದು ಯಾವಾಗ?

ಆಗಬೇಕಾದದ್ದು ಇಷ್ಟೇ. ಗುರುತು ಹಾಕುವ ಪರೀಕ್ಷೆಯ ಜಾಗಕ್ಕೆ ಮಾತಿನ ಪರೀಕ್ಷೆ ಬರಲಿ. ಕನ್ನಡ ಕಲಿಸುವವರಿಗೆ ಅತಿಥಿ ಉಪನ್ಯಾಸಕರ ಪುಡಿಗಾಸಿನ ಬದಲು ಕಾಯಂ ಹುದ್ದೆ ಸಿಗಲಿ. ಮೆಡಿಕಲ್ ವಿದ್ಯಾರ್ಥಿ ಆಸ್ಪತ್ರೆಯ ಕನ್ನಡ, ಎಂಜಿನಿಯರ್ ಸೈಟಿನ ಕನ್ನಡ ಕಲಿಯಲಿ. ಸೋಲಾರ್ ಪಾರ್ಕಿನಂಥ ಕಡೆ ಕೆಲಸಕ್ಕೆ ಬಂದವರಿಗೆ ಸಂಜೆ ಹೊತ್ತು ಪುಕ್ಕಟೆ ಪಾಠ ನಡೆಯಲಿ. ಇವುಗಳಿಗೆ ದುಡ್ಡು ಕೊಡದೆ, ಹೊರಗಿನವರು ಕನ್ನಡ ಕಲಿಯುವುದಿಲ್ಲ ಎಂದು ನವೆಂಬರಿನಲ್ಲಿ ಮಾತ್ರ ಗುಡುಗುವ ನಮ್ಮವರಿಗೂ ಇದೇ ನನ್ನ ಉತ್ತರ.